ಹಂಪ್ಸ್ ಹಾಕಿಸಿದ ಶೋಭಕ್ಕ

ನಮ್ಮ ಕಡೆ ರಸ್ತೆಯ ಹಂಪ್ಸಿಗೆ ಹೆಸರಿರುವುದಿಲ್ಲ, ಬೈಗುಳ ಇರುತ್ತದೆ. ಬೈಕಿನ ಮೇಲೆ ಬಂದವನಿಗೆ ಸೊಂಟ ಎಗರಿದಾಗ ಅದನ್ನು ಹಾಕಿಸಿದವರ ಅಪ್ಪ ಅವ್ವ ಇಬ್ಬರೂ ನೆನಪಾಗುತ್ತಾರೆ, ಹತ್ತು ಮಾರು ದಾಟಿದರೆ ಮರೆತೂ ಹೋಗುತ್ತಾರೆ. ತುಕ್ಕಾನಟ್ಟಿಯ ಆಚೆ, ತೋಟದ ಮನೆಗಳ ಎದುರಿಗಿರುವ ಒಂದು ಹಂಪ್ಸಿಗೆ ಮಾತ್ರ ಹೆಸರು ಅಂಟಿಕೊಂಡಿತು. ಶೋಭಕ್ಕನ ಹಂಪ್ಸ್. ಮೊದಲ ಎರಡು ತಿಂಗಳು ಜನ ಆ ಹೆಸರನ್ನು ಹೊಗಳಿ ಹೇಳಿದರು. ಆಮೇಲೆ ಅದನ್ನೇ ದನಿ ತಗ್ಗಿಸಿ ಹೇಳತೊಡಗಿದರು, ಅವಳು ಎದುರಿಗೆ ಬಂದರೆ ಮಾತು ನುಂಗಿಕೊಂಡು ದನದ ಕಡೆ ನೋಡತೊಡಗಿದರು.

ಶೋಭಾ ಅಲ್ಲಿಯ ಸಣ್ಣ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ವಯಸ್ಸು ನಲವತ್ತಾರು. ಗಂಡ ಪರಪ್ಪ ತನ್ನ ಒಂದೂವರೆ ಎಕರೆ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಮಂದಿಯ ಕಬ್ಬಿಗೆ ನೀರು ಹಾಯಿಸುತ್ತಾನೆ. ಒಬ್ಬಳೇ ಮಗಳು ನಂದಾಳನ್ನು ಹುಕ್ಕೇರಿಗೆ ಕೊಟ್ಟಿದ್ದಾರೆ. ಶೋಭಾಳ ಕೈಯ ಸಾರು ಅಷ್ಟೇನೂ ರುಚಿಯಲ್ಲ, ಉಪ್ಪು ಯಾವತ್ತೂ ಒಂದು ಕಲ್ಲು ಹೆಚ್ಚೇ. ಆದರೆ ಆ ತೋಟದ ಸಾಲಿನಲ್ಲಿ ಅವಳನ್ನು ಅಡುಗೆಗಿಂತ ಹೆಚ್ಚಾಗಿ ನಡಿಗೆಗೆ ಗುರುತಿಸುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಎಂಟು ಮನೆಗಳ ಮುಂದೆ ನಿಂತು ಕೂಗಿ, ಹನ್ನೊಂದು ಮಕ್ಕಳನ್ನು ಕೂಡಿಸಿಕೊಂಡು ಎರಡು ಕಿಲೋಮೀಟರು ಡಾಂಬರು ರಸ್ತೆಯಲ್ಲಿ ಹೊರಡುತ್ತಿದ್ದಳು. ಸಂಜೆ ಪಾತ್ರೆ ತೊಳೆದು ಮೂರು ಗಂಟೆಗೇ ಕೆಲಸ ಮುಗಿದರೂ ಗಂಟೆ ಹೊಡೆಯುವ ತನಕ ಶಾಲೆಯ ಕಟ್ಟೆಯ ಮೇಲೆ ಕೂತು, ಮತ್ತೆ ಅದೇ ದಂಡನ್ನು ಮನೆ ಮುಟ್ಟಿಸುತ್ತಿದ್ದಳು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹದಿನಾಲ್ಕು ವರ್ಷ ಮಾಡಿದಳು.

ಅವಳಿಗೆ ವಾಹನದ ಭಯ ತವರಿನಿಂದ ಬಂದದ್ದು. ತವರು ಕಣಗಲಾ, ಹೆದ್ದಾರಿಯ ಬಗಲಿನ ಊರು. ಅವಳು ಎಂಟು ವರ್ಷದವಳಿದ್ದಾಗ ಅಪ್ಪನ ಚಕ್ಕಡಿಗೆ ಲಾರಿ ಹೊಡೆದು ಒಂದು ಎತ್ತು ಅಲ್ಲೇ ಸತ್ತಿತು, ಅಪ್ಪನ ಮೊಣಕಾಲು ಮತ್ತೆ ನೆಟ್ಟಗಾಗಲಿಲ್ಲ. ಆ ಮನುಷ್ಯ ಮೂವತ್ತು ವರ್ಷ ಕುಂಟುತ್ತ ಬದುಕಿದ, ಮೂವತ್ತು ವರ್ಷವೂ ಒಂದೇ ಮಾತು ಹೇಳಿದ: “ಅಂವ ಒಂದೀಟ ಸಾವಕಾಶ ಬಂದಿದ್ರ ಏನೂ ಆಗತಿರಲಿಲ್ಲ.” ಮಗಳು ಅದನ್ನೇ ಉಂಡು ಬೆಳೆದಳು. ಗಾಡಿ ಸಾವಕಾಶ ಬಂದರೆ ಯಾರೂ ಸಾಯುವುದಿಲ್ಲ ಎಂಬುದು ಅವಳಿಗೆ ವಚನದಷ್ಟೇ ಖರೆ.

ರಸ್ತೆ ಹೊಸದಾಗಿ ಡಾಂಬರು ಕಂಡ ಮೇಲೆ ಗಾಡಿಗಳಿಗೆ ಕಾಲು ಬಂದವು. ಅದರಲ್ಲೂ ಕಬ್ಬಿನ ಹಂಗಾಮು ಸುರುವಾದರೆ ಹಗಲು ರಾತ್ರಿ ಟ್ರ್ಯಾಕ್ಟರು. ಒಂದೊಂದಕ್ಕೂ ಎರಡೆರಡು ಟ್ರೇಲರು, ಎರಡರ ಮೇಲೂ ಆಳೆತ್ತರ ಕಬ್ಬು, ಮುಂದೆ ಹಾಡಿನ ಡಬ್ಬಿ ಹಚ್ಚಿಕೊಂಡು ಹೋಗುವ ಡ್ರೈವರನಿಗೆ ಹಿಂದೆ ಸಿಡಿಲು ಬಿದ್ದರೂ ಕೇಳುವುದಿಲ್ಲ. ಶೋಭಾ ಹಂಪ್ಸ್ ಬೇಕೆಂದು ಹಟ ಹಿಡಿದಳು. ಅರ್ಜಿ ಬರೆಸಿದಳು, ಎಂಟು ಮನೆಯವರ ಸಹಿ ಹಾಕಿಸಿದಳು, ಬರಲೊಪ್ಪದ ಗಂಡಸರನ್ನು ನಾಚಿಸಿ ಕಚೇರಿಗೆ ಕರೆದೊಯ್ದಳು. ಎರಡು ವರ್ಷ ಅಲೆದ ಮೇಲೆ ಒಂದು ದೀಪಾವಳಿಯ ಹಿಂದೆಮುಂದೆ ರಸ್ತೆಯ ಆಳುಗಳು ಬಂದು, ತೋಟದ ಮನೆಗಳ ಎದುರಿಗೇ ದಪ್ಪಗೆ ಹಂಪ್ಸ್ ಹಾಕಿದರು. ಆ ಆಳುಗಳಿಗೆ ಅವಳು ತನ್ನ ಮನೆಯಿಂದ ರೊಟ್ಟಿ, ಶೇಂಗಾದ ಚಟ್ನಿ ಕಟ್ಟಿಕೊಂಡು ಹೋಗಿ ಉಣ್ಣಿಸಿದಳು. ಮಕ್ಕಳು ಸುತ್ತ ನಿಂತು ನೋಡುತ್ತಿದ್ದವು, ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದು ನಗುತ್ತಿದ್ದವು. ಪಾಪ, ಅವಕ್ಕೂ ಖುಷಿಯಾಗಿದೆ ಎಂದುಕೊಂಡಳು.

ಮೊದಲ ಟ್ರ್ಯಾಕ್ಟರು ಬಂದು, ಹಂಪ್ಸ್ ಕಂಡು, ಮುದಿ ಎಮ್ಮೆಯಂತೆ ಉಸಿರುಬಿಟ್ಟು ನಿಧಾನವಾಗಿ ಹತ್ತಿ ಇಳಿದಾಗ ಶೋಭಾ ರಸ್ತೆಯ ಬದಿಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅಂದಿನಿಂದ ಸಂಜೆ ಶಾಲೆಯ ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟಳು. ಮೊಣಕಾಲು ಅವಳನ್ನೂ ಕಾಡುತ್ತಿತ್ತು, ಮನೆಯಲ್ಲಿ ಎಮ್ಮೆ ಕರು ಹಾಕಿತ್ತು, ಇನ್ನು ಭಯವೇನು? ತಾಯಂದಿರೂ ಹೂಂ ಅಂದರು. ಹೀಗೆ ದೊಡ್ಡವರೆಲ್ಲ ಕೂಡಿ ಮಕ್ಕಳ ದಾರಿಯನ್ನು ಭದ್ರಮಾಡಿದರು. ಮಕ್ಕಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳುವುದೇನಿದೆ, ಹುಡುಗರನ್ನು ಕೇಳಿ ರಸ್ತೆ ಮಾಡುವ ಬುದ್ಧಿವಂತರು ಯಾವ ಊರಲ್ಲಿದ್ದಾರೆ?

ಈ ಸೀಮೆಯಲ್ಲಿ ಹುಟ್ಟಿದವನು ಗಾಡಿಯಿಂದ ಕಬ್ಬು ಜಗ್ಗದೆ ದೊಡ್ಡವನಾಗಿಲ್ಲ. ಮನೆಯ ಸುತ್ತ ಎಕರೆಗಟ್ಟಲೆ ಕಬ್ಬು ನಿಂತಿರುತ್ತದೆ, ನಿಜ. ಆದರೆ ಅದು ಅಪ್ಪನ ಕಬ್ಬು, ಕೇಳಿದರೆ ಸಿಗುತ್ತದೆ. ಓಡುವ ಗಾಡಿಯ ಹಿಂದೆ ಓಡಿ ಜಗ್ಗಿದ್ದು ಸ್ವಂತದ್ದು, ಅದರ ಸಿಹಿಯೇ ಬೇರೆ. ಈಗ ಬಿಳಿ ಮೀಸೆ ತಿರುವುವ ಗೌಡರೆಲ್ಲ ಒಂದಾನೊಂದು ಕಾಲಕ್ಕೆ ಚಕ್ಕಡಿಯ ಹಿಂದೆ ಓಡಿದವರೇ, ಅದನ್ನು ಹೇಳಿಕೊಂಡು ನಗುವವರೇ. ಅವರಿಗೆ ಹೊಳೆಯದಿದ್ದದ್ದು ಇಷ್ಟೇ. ಜೋರಾಗಿ ಹೋಗುವ ಟ್ರ್ಯಾಕ್ಟರಿನ ಹತ್ತಿರ ಯಾವ ಹುಡುಗನೂ ಹೋಗುತ್ತಿರಲಿಲ್ಲ. ಹಂಪ್ಸಿನ ಮೇಲೆ ತೆವಳುವ ಟ್ರ್ಯಾಕ್ಟರು, ಕುಲುಕಿ ಸಡಿಲಾಗುವ ಕಬ್ಬು, ಇವು ಹುಡುಗರನ್ನು ಕೈಮಾಡಿ ಕರೆಯುತ್ತಿದ್ದವು. ಶೋಭಾ ಎರಡು ವರ್ಷ ಅಲೆದು ತಂದದ್ದು ಆ ಕರೆಯನ್ನು.

ಸಂಕ್ರಮಣ ಮುಗಿದು ಎಂಟು ದಿನವಾಗಿತ್ತು. ಸಂಜೆ ನಾಲ್ಕೂವರೆ. ನೆರೆಮನೆಯ ಬಾಳೇಶ ಮತ್ತು ಲಕ್ಷ್ಮೀಯ ಮಗ ವಿಶಾಲ, ಒಂಬತ್ತು ವರ್ಷದವನು, ನಾಲ್ಕನೆಯ ಇಯತ್ತೆ, ಮುಂದಿನ ಟ್ರೇಲರಿನ ಬದಿಯಿಂದ ಒಂದು ಕಬ್ಬು ಹಿಡಿದು ಜಗ್ಗಿದ. ಬೆನ್ನಿನ ಚೀಲದ ಪಟ್ಟಿ ಟ್ರೇಲರಿನ ಕೊಕ್ಕೆಗೆ ಸಿಕ್ಕಿತು. ಮಕ್ಕಳು ಚೀರಿದರು. ಹಾಡು ಹಚ್ಚಿಕೊಂಡ ಡ್ರೈವರನಿಗೆ ಕೇಳಲಿಲ್ಲ, ಟ್ರ್ಯಾಕ್ಟರು ಹಂಪ್ಸ್ ಇಳಿಯಿತು, ಹಿಂದಿನ ಟ್ರೇಲರಿನ ಗಾಲಿ ಅವನ ಮೇಲೆ ಹೋಯಿತು. ಎಮ್ಮೆಗೆ ಹಿಂಡಿ ನೆನೆಹಾಕುತ್ತಿದ್ದ ಶೋಭಾ ಚೀರಾಟ ಕೇಳಿ ಓಡಿ ಬಂದಾಗ, ಅವನ ತಂಗಿ ಮೇಘಾ, ಏಳು ವರ್ಷದವಳು, ರಸ್ತೆಯ ಬದಿಯಲ್ಲಿ ಅಣ್ಣನ ಚಪ್ಪಲಿ ಎರಡನ್ನೂ ಜೋಡಿಸಿ ಇಟ್ಟುಕೊಂಡು ಕೂತಿದ್ದಳು.

ವಿಶಾಲನ ಮಣ್ಣಿಗೆ ಇಡೀ ಸೀಮೆ ಬಂದಿತ್ತು. ಡ್ರೈವರು ಇಪ್ಪತ್ತರ ಹುಡುಗ, ಓಡಿಹೋದವನು ತಾನಾಗಿಯೇ ಪೊಲೀಸರ ಮುಂದೆ ಹೋಗಿ ಕೂತನಂತೆ. ಅವನನ್ನು ಬೈದು ಬೈದು ಬಾಯಿ ಸೋತ ಮೇಲೆ ಮಂದಿಯ ಮಾತು ಹಂಪ್ಸಿನ ಕಡೆ ತಿರುಗಿತು. ಹಂಪ್ಸ್ ಇಲ್ಲದಿದ್ದರೆ ಹುಡುಗ ಗಾಡಿ ಮುಟ್ಟುತ್ತಿದ್ದನೇ? ಹಾಕಿಸಿದಾಕಿ ಯಾರು? ಹಾಕಿಸಿ ಮನೆಯಲ್ಲಿ ಎಮ್ಮೆ ಹಿಂಡಿಕೊಂಡು ಕೂತಾಕಿ ಯಾರು? ಲಕ್ಷ್ಮೀ ಮಾತ್ರ ಏನೂ ಅನ್ನಲಿಲ್ಲ. ಶೋಭಾ ಹತ್ತಿರ ಹೋಗಿ ಕೂತರೆ ಎದ್ದು ಒಳಗೆ ಹೋದಳು, ಅಷ್ಟೇ. ಇಪ್ಪತ್ತು ವರ್ಷ ಒಂದೇ ಕಟ್ಟೆಯ ಮೇಲೆ ಕೂತು ಶಾವಿಗೆ ಹೊಸೆದವರು ಅವರು. ಬೈದಿದ್ದರೆ ಶೋಭಾಗೆ ಅಷ್ಟು ನೋಯುತ್ತಿರಲಿಲ್ಲ. ಮೇಘಾಳನ್ನು ಲಕ್ಷ್ಮೀ ಶಾಲೆ ಬಿಡಿಸಿದಳು. ಓದಿ ಯಾರೂ ಉದ್ಧಾರ ಆಗುವುದು ಬೇಡ, ಕಣ್ಣೆದುರು ಇದ್ದರೆ ಸಾಕು ಎಂದಳು.

ಶೋಭಾಳ ಎದೆಗೆ ನಾಟಿದ್ದು ಆ ಮಾತು. ಒಂದು ಜೀವ ಹೋಯಿತು, ಅದನ್ನು ತರಲಾಗದು. ಇನ್ನೊಂದು ಹುಡುಗಿ ಎರಡನೆಯ ಇಯತ್ತೆಗೇ ಮನೆಯೊಳಗೆ ಕೂತು ಬಾಡಿದರೆ ಅದೂ ತನ್ನ ಲೆಕ್ಕಕ್ಕೇ. ಹೇಗಾದರೂ ಮೇಘಾ ಶಾಲೆಗೆ ಹೋಗಬೇಕು, ಹೋದವಳು ತಿರುಗಿ ಬರಬೇಕು. ಊಟ ಸೇರದ ಆ ದಿನಗಳಲ್ಲಿ ಅವಳು ಮತ್ತೇನನ್ನೂ ಬಯಸಲಿಲ್ಲ.

ವಿಶಾಲನ ದಿವಸದ ಊಟ ಮುಗಿದ ಮರುದಿನ ಹಿರಿಯರು ಬಾಳೇಶನ ಅಂಗಳದಲ್ಲಿ ಕೂಡಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಮುಂದೆ ಕೂತವನು ರಾವಸಾಹೇಬ, ಅರವತ್ತು ದಾಟಿದವನು, ತೋಟದ ಮನೆಗಳಿಗೂ ಶಾಲೆಗೂ ನಡುವಿನ ಇಪ್ಪತ್ತು ಎಕರೆ ಕಬ್ಬಿನ ಒಡೆಯ.

“ರಸ್ತಾ ಬ್ಯಾಡ,” ಅಂದ ಅವನು. “ಇನ್ನ ಮ್ಯಾಲೆ ಹುಡುಗೂರು ಕಾಲುವಿ ದಂಡಿ ಹಿಡದು ಹೋಗಲಿ. ಗಾಡಿ ಇಲ್ಲ, ಏನಿಲ್ಲ. ಸುತ್ತಾದ್ರ ಆಗಲಿ.”

ಎಲ್ಲರೂ ತಲೆಯಾಡಿಸಿದರು. ಶೋಭಾಳನ್ನು ಯಾರೂ ಕೇಳಲಿಲ್ಲ, ಅವಳು ಗೋಡೆಗೆ ಆತು ನಿಂತಿದ್ದಳು. ಮಕ್ಕಳು ಚಕ್ಕಡಿಯ ನೊಗದ ಮೇಲೆ ಸಾಲಾಗಿ ಕೂತಿದ್ದವು. ಕಾಲುವೆ ಎಂಬ ಮಾತು ಬಿದ್ದಾಗ ಇಬ್ಬರು ಹುಡುಗರು ಮೊಣಕೈಯಿಂದ ತಿವಿದುಕೊಂಡರು. ಈ ಸಲ ನಗಲಿಲ್ಲ, ಆದರೆ ತಿವಿದುಕೊಂಡರು. ಹಂಪ್ಸ್ ಹಾಕಿದ ದಿನವೂ ಅವು ಹೀಗೇ ತಿವಿದುಕೊಂಡದ್ದು ಶೋಭಾಗೆ ನೆನಪಾಯಿತು.

ಭಾನುವಾರ ಅವಳು ಮಕ್ಕಳನ್ನೆಲ್ಲ ತನ್ನ ಅಂಗಳಕ್ಕೆ ಕರೆದಳು. ಸಾರಿಸಿದ ನೆಲದ ಮೇಲೆ ರಂಗೋಲಿ ಪುಡಿಯಿಂದ ಎಂಟು ಮನೆ ಬರೆದಳು, ಶಾಲೆ ಬರೆದಳು, ನಡುವೆ ರಸ್ತೆ, ಕಾಲುವೆ, ರಾವಸಾಹೇಬನ ಹೊಲ. ಅಕ್ಕಿಯಲ್ಲಿ ಆರಿಸಿ ತೆಗೆದ ಹರಳುಗಳನ್ನು ಒಂದು ಬಟ್ಟಲಲ್ಲಿ ಇಟ್ಟಿದ್ದಳು. ಲಕ್ಷ್ಮೀ ಹಿತ್ತಲಲ್ಲಿ ದನ ಕಟ್ಟುತ್ತಿದ್ದಾಗ ಮೇಘಾಳೂ ಬಂದು ಗೋಡೆಯ ಹತ್ತಿರ ನಿಂತಳು.

“ನಿಮಗ ಎಲ್ಲೆಲ್ಲೆ ಅಂಜಿಕಿ ಐತಿ, ಅಲ್ಲೆಲ್ಲಾ ಒಂದೊಂದು ಹರಳ ಇಡ್ರಿ,” ಅಂದಳು ಶೋಭಾ. “ನಾ ಬೈಯೂದಿಲ್ಲ. ಬಡಿಯೂದಿಲ್ಲ. ನಿಮ್ಮವ್ವಗ ಹೇಳೂದಿಲ್ಲ. ಬಸವಣ್ಣನ ಆಣಿ.”

ಮಕ್ಕಳು ಮುಖ ಮುಖ ನೋಡಿಕೊಂಡವು. ಹೀಗೆ ಕೇಳುವ ದೊಡ್ಡವರನ್ನು ಅವು ಕಂಡಿರಲಿಲ್ಲ. ಕೊನೆಗೆ ಐದನೆಯ ಇಯತ್ತೆಯ ಬೀರಸಿದ್ದಪ್ಪ ಕೂತ. ಎಲ್ಲರೂ ಬೀರ್ಯಾ ಅನ್ನುವ ಆ ಹುಡುಗ ದಂಡಿನ ಹಿರಿಯ. ಕಾಲುವೆಯ ಗೆರೆಯ ಮೇಲೆ ಒಂದು ಹರಳು ಇಟ್ಟ.

“ಇಲ್ಲೆ ಕೋಳಿ ಫಾರ್ಮ ಐತಲ್ರಿ. ಸತ್ತ ಕೋಳಿ ಹೊರಗ ಒಗೀತಾರ್ರಿ. ನಾಯಿ ಬರತಾವು. ದೊಡ್ಡವರು ಬಂದ್ರ ಓಡತಾವು, ನಾವು ಬಂದ್ರ ಓಡೂದಿಲ್ರಿ.”

ದುಂಡೇಶ ಎಂಬ ಮೂರನೆಯ ಇಯತ್ತೆಯವನು ಇನ್ನೊಂದು ಹರಳು ಇಟ್ಟ. “ಇಲ್ಲೆ ಮೋಟರಿನ ವಾಯರ ಕೆಳಗ ಬಿದ್ದೈತ್ರಿ. ಮ್ಯಾಲೆ ಹುಲ್ಲು ಬೆಳದೈತಿ, ಕಾಣೂದಿಲ್ಲ.”

“ಮತ್ತ ಇಲ್ಲೆ?” ಶೋಭಾ ಕಾಲುವೆಯ ಮೂರನೆಯ ಸಣ್ಣ ಸೇತುವೆಯ ಮೇಲೆ ಬೆರಳಿಟ್ಟಳು. ಅವಳು ಕಾದಳು. ಬೀರ್ಯಾ ಐದು ಹರಳು ಒಟ್ಟಿಗೇ ಅಲ್ಲಿ ಇಟ್ಟ.

“ನೀರ ಬಿಟ್ಟಾಗ ಇಲ್ಲಿಂದ ಈಸ ಬೀಳತೇವ್ರಿ,” ಅಂದ. “ಇಲ್ಲ ಅಂತ ಆಣಿ ಮಾಡತೇವಿ, ಆದ್ರ ನೀರ ಕಂಡ್ರ ಬೀಳತೇವ್ರಿ. ದಿನಾ ಅದ ದಾರಿಗೆ ಕಳಿಸಿದ್ರ ದಿನಾ ಬೀಳತೇವಿ. ದುಂಡ್ಯಾಗ ಈಸಾಕ ಬರೂದಿಲ್ಲ, ಅಂವನೂ ಬೀಳತಾನ.”

ಇಷ್ಟು ನೆಟ್ಟಗಿನ ಮಾತನ್ನು ಬಾಳೇಶನ ಅಂಗಳದಲ್ಲಿ ಕೂಡಿದ್ದ ಹದಿನೈದು ಗಂಡಸರಲ್ಲಿ ಒಬ್ಬನೂ ಆಡಿರಲಿಲ್ಲ. ಶೋಭಾ ಮೆಲ್ಲಗೆ ಬೆರಳನ್ನು ರಸ್ತೆಯ ಗೆರೆಗೆ ತಂದಳು. ಹಂಪ್ಸಿನ ಜಾಗದಲ್ಲಿ ನಿಲ್ಲಿಸಿದಳು. ಮಕ್ಕಳ ಕೈ ಬಟ್ಟಲಿಗೆ ಹೋಗಲಿಲ್ಲ. ದುಂಡೇಶ ಅಳತೊಡಗಿದ. ಆಗ ಬೀರ್ಯಾ ನೆಲ ನೋಡುತ್ತ ಹೇಳಿದ.

“ಪಾಳಿ ಹಚ್ಚಿದ್ವಿರಿ. ನಮ್ಮಪ್ಪಾರು ಕಾಲುವಿ ನೀರಿಗೆ ಪಾಳಿ ಹಚ್ಚತಾರಲ್ರಿ, ಹಂಗ. ದಿನಕ್ಕೊಬ್ರು ಜಗ್ಗೂದು, ಉಳದವ್ರು ಯಾರರ ಬಂದ್ರೇನು ನೋಡೂದು, ಆಮ್ಯಾಲೆ ಹಂಚಕೊಂಡು ತಿನ್ನೂದು. ಹಂಪ್ಸ್ ಆದ ಮರುದಿನದಿಂದಾನ ಹಚ್ಚಿದ್ವಿ.”

ಗೋಡೆಯ ಹತ್ತಿರವಿದ್ದ ಮೇಘಾ ಬಂದಳು. ಬಟ್ಟಲು ಎತ್ತಿದಳು, ಉಳಿದ ಹರಳನ್ನೆಲ್ಲ ಹಂಪ್ಸಿನ ಮೇಲೆ ಸುರಿದಳು.

“ಅವತ್ತ ನಂದ ಪಾಳಿ ಇತ್ತರಿ,” ಅಂದಳು. “ನನಗ ಅಂಜಿಕಿ ಬಂತು. ಅಣ್ಣ, ನೀ ಬಿಡು ನಾ ಜಗ್ಗತೇನಿ ಅಂದ.”

ಶೋಭಾ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಇಪ್ಪತ್ತು ದಿನ ಇಡೀ ಮನೆ ಎದೆ ಬಡಿದುಕೊಂಡು ಅಳುತ್ತಿದ್ದಾಗ ಈ ಕೂಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿತ್ತು. ತಾನು ಹೊತ್ತ ಭಾರವೇ ಭಾರ ಎಂದುಕೊಂಡಿದ್ದಳಲ್ಲ ಶೋಭಾ, ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಅವ್ವಗ ಹೇಳಬ್ಯಾಡ್ರಿ,” ಅಂದಳು ಮೇಘಾ.

“ನಾ ಹೇಳೂದಿಲ್ಲವಾ. ನಿನಗ ಯಾವಾಗ ಹೇಳಬೇಕ ಅನಸತೈತಿ, ಆವಾಗ ನೀನ ಹೇಳು. ನಾ ಬಾಜೂಕ ನಿಂದರತೇನಿ.”

ಆ ಮೇಲೆ ಕೆಲಸ ಸುರುವಾಯಿತು. ಹರಳಿಲ್ಲದೆ ಉಳಿದದ್ದು ಒಂದೇ ಜಾಗ, ರಾವಸಾಹೇಬನ ಹೊಲದ ನಡುವಿನ ಬದು. ಅದನ್ನು ತೋರಿಸಿಕೊಟ್ಟದ್ದೂ ಮಕ್ಕಳೇ. ರಸ್ತೆಯೂ ಇಲ್ಲ, ನೀರೂ ಇಲ್ಲ, ನಾಯಿಯೂ ಇಲ್ಲ, ನೆಟ್ಟಗೆ ಶಾಲೆಯ ಹಿಂದೆ ಏಳುತ್ತದೆ. ಪೂರಾ ನಿರ್ಭಯ ಎಂದು ಅವು ಹೇಳಲಿಲ್ಲ. ಹಾವು ಇರುತ್ತದೆ, ಅದಕ್ಕೆ ಮುಂದಿನವನು ಬಡಿಗೆ ಕುಟ್ಟುತ್ತ ನಡೆಯಬೇಕು. ಅರ್ಧ ದಾರಿಯಲ್ಲಿ ಕಟ್ಟೆಯಿಲ್ಲದ ಬಾವಿ ಇದೆ, ಅದಕ್ಕೆ ಮುಳ್ಳಿನ ಬೇಲಿ ಬೇಕು. ಹೊಲದ ಸುತ್ತ ಹಂದಿಗೆಂದು ಹಾಕಿದ, ಕರೆಂಟು ಹೊಡೆಯುವ ಝಟ್ಕಾ ತಂತಿ ಇದೆ, ಅದನ್ನು ಬೆಳಿಗ್ಗೆ ಬಂದ್ ಮಾಡಬೇಕು, ಬಂದ್ ಮಾಡಿದ್ದು ತಮಗೆ ಕಾಣಬೇಕು. ಸಣ್ಣವರು ನಡುವೆ, ದೊಡ್ಡವರು ಮುಂದೆ ಒಬ್ಬ, ಹಿಂದೆ ಒಬ್ಬ. ಬಾವಿ ದಾಟಿದ ಮೇಲೆ ಒಮ್ಮೆ ಎಣಿಸಬೇಕು. ಸಂಜೆ ಶೋಭಕ್ಕ ಮೊದಲಿನಂತೆ ಕಟ್ಟೆಯ ಮೇಲೆ ಕೂಡಬೇಕು. ಕೊನೆಯದನ್ನು ಹೇಳಿದವಳು ಮೇಘಾ.

ಶೋಭಾ ಮಕ್ಕಳೊಡನೆ ಹೋಗಿ ಬದುವಿನ ದಾರಿ ಕೇಳಿದಾಗ ರಾವಸಾಹೇಬ ಸಿಡಿದ. “ಊರಿಗೊಂದು ದಾರಿ ಆದ್ರ ಪೋರಗೊಂದು ದಾರಿ ಅಂತಾರಲ್ಲ, ಹಂಗಾತು! ಬದುವಿನ ಮ್ಯಾಲೆ ಹನ್ನೊಂದು ಹುಡುಗೂರು ಬಿಟ್ರ ನನ್ನ ಕಬ್ಬು ಉಳೀತೈತೇನವಾ ಶೋಭಾ? ಒಮ್ಮೆ ನಿನ್ನ ಮಾತ ಕೇಳಿ ಸಹಿ ಹಾಕಿದ್ದು ಸಾಕಾಗಿಲ್ಲೇನು?”

ಬೀರ್ಯಾ ಮುಂದೆ ಬಂದ.

“ಕಾಕಾ, ಮುರೀತೇವ್ರಿ,” ಅಂದ. “ಮುರಿಯೂದಿಲ್ಲ ಅಂದ್ರ ಸುಳ್ಳಾಕೈತಿ. ಅದಕ್ಕ ನೀವ ಶನಿವಾರಕ್ಕೊಮ್ಮೆ ಹನ್ನೊಂದು ಕಬ್ಬು ಕಡದು ಕೊಡ್ರಿ. ಕೊಟ್ರ ಮುರಿಯೂದಿಲ್ಲ. ಯಾರರ ಮುರದ್ರ ನಾ ನಿಮಗ ಬಂದ ಹೇಳತೇನಿ.”

ಮುದುಕ ಅವನನ್ನು ದಿಟ್ಟಿಸಿ ನೋಡಿದ. ನಗು ಬಂದಿರಬೇಕು, ಆದರೆ ಹನ್ನೊಂದು ಎಂಬ ಸಂಖ್ಯೆ ಬೀರ್ಯಾನಿಗೂ ಅವನಿಗೂ ಒಟ್ಟಿಗೇ ಚುಚ್ಚಿತು. ಈಗ ಹತ್ತು. ಹುಡುಗನ ಮುಖ ಇಳಿಯಿತು. ರಾವಸಾಹೇಬ ಹೆಗಲಿನ ಟವೆಲಿನಿಂದ ಕಣ್ಣೊತ್ತಿಕೊಂಡು, “ಹನ್ನೊಂದ ಕೊಡತೇನಿ ಬಿಡಪಾ,” ಅಂದ. ತಂತಿಯ ಸ್ವಿಚ್ಚು ಎಲ್ಲಿದೆ ಎಂದು ಕರೆದುಕೊಂಡು ಹೋಗಿ ತೋರಿಸಿದ. ಬಾವಿ ಮೂವತ್ತು ವರ್ಷದಿಂದ ಹಾಗೇ ಇದೆ, ಯಾರೂ ಬಿದ್ದಿಲ್ಲ ಎಂದು ಗೊಣಗಿದವನು, ಮೂರು ದಿನದಲ್ಲಿ ಅದರ ಸುತ್ತ ಜಾಲಿಯ ಮುಳ್ಳು ಹೊಡೆಸಿದ.

ಉಳಿದದ್ದು ಲಕ್ಷ್ಮೀ. ಶೋಭಾ ಅವಳ ಹೊಸ್ತಿಲ ಹೊರಗೆ ನಿಂತಳು. ಲಕ್ಷ್ಮೀ ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

“ಮತ್ತ್ಯಾವ ದಾರಿ ತಗೊಂಡ ಬಂದಿ?” ಅಂದಳು. ಇಷ್ಟು ದಿನಗಳಲ್ಲಿ ಶೋಭಾಳೊಡನೆ ಅವಳಾಡಿದ ಮೊದಲ ಮಾತು ಅದು.

“ನಾ ತಂದಿಲ್ಲ ಲಕ್ಷ್ಮೀ. ನನಗ ದಾರಿ ಹುಡುಕಾಕ ಬರೂದಿಲ್ಲ ಅಂತ ಗೊತ್ತಾಗೈತಿ. ಹುಡುಗೂರು ಹುಡುಕ್ಯಾವು. ಒಮ್ಮೆ ಬಂದು ನೋಡು. ಸೇರಲಿಲ್ಲಂದ್ರ ನಾ ಮತ್ತ ಕೇಳಾಕ ಬರೂದಿಲ್ಲ.”

ಲಕ್ಷ್ಮೀ ಮೊರದಲ್ಲಿ ನಾಲ್ಕು ಸಲ ಕೇರಿದಳು. ಆಮೇಲೆ ಎದ್ದು ಸೆರಗು ಸಿಗಿಸಿಕೊಂಡಳು.

ಬೀರ್ಯಾ ಬಡಿಗೆ ಕುಟ್ಟುತ್ತ ಮುಂದೆ ನಡೆದ. ತಂತಿಯ ಹತ್ತಿರ ಎಲ್ಲರೂ ನಿಂತರು, ದುಂಡೇಶ ಓಡಿ ಹೋಗಿ ಸ್ವಿಚ್ಚು ನೋಡಿ ಬಂದು ಕೈ ಎತ್ತಿದ. ಆಚೆಯ ತುದಿಯ ಕಬ್ಬು ಮಾತ್ರ ನಿಂತಿತ್ತು, ಬದುವಿನ ಎರಡೂ ಬದಿ ಕಡಿದು ಬೋಳಾಗಿತ್ತು, ದೂರದ ತನಕ ಕಾಣುತ್ತಿತ್ತು. ಕಬ್ಬು ಮತ್ತೆ ಎತ್ತರವಾದಾಗ ಏನು ಮಾಡುತ್ತೀರಿ ಎಂದು ಲಕ್ಷ್ಮೀ ಕೇಳಿದಳು. ಆಗ ಸೀಟಿ ಊದುತ್ತೇವೆ, ಹಿಂದಿನವರು ತಿರುಗಿ ಊದಬೇಕು, ಊದದಿದ್ದರೆ ಎಲ್ಲರೂ ನಿಲ್ಲುತ್ತೇವೆ ಎಂದು ಬೀರ್ಯಾ ಒಪ್ಪಿಸಿದ. ಬಾವಿ ದಾಟಿದ್ದಾಯಿತು. ಮಕ್ಕಳು ಎಣಿಸಿದವು, ಒಂದು, ಎರಡು, ಮೂರು. ಹತ್ತಕ್ಕೆ ಎಣಿಕೆ ನಿಂತಿತು.

ಅಲ್ಲಿ ಮೇಘಾ ನಿಂತಳು. ಶೋಭಾಳ ಕಡೆ ಒಮ್ಮೆ ನೋಡಿದಳು. ಶೋಭಾ ಅವಳ ಪಕ್ಕಕ್ಕೆ ಬಂದು ನಿಂತಳು.

“ಅವ್ವಾ,” ಅಂದಳು ಮೇಘಾ, “ಅವತ್ತ ಜಗ್ಗೂದು ನಂದ ಪಾಳಿ ಇತ್ತು. ಅಣ್ಣಂದಲ್ಲ.”

ಲಕ್ಷ್ಮೀಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಕೂಡಲೇ ಅವಳ ಕೈ ಎದ್ದಿತು, ಮಗಳ ಬೆನ್ನಿಗೆ ಒಂದು ಪೆಟ್ಟು ಬಿತ್ತು, ಹೊಲದ ಆಚೆ ತನಕ ಕೇಳುವಂಥದ್ದು. ಶೋಭಾ ನಡುವೆ ಹೋಗಲು ಕಾಲು ಎತ್ತಿದಳು. ಅಷ್ಟರಲ್ಲಿ ಲಕ್ಷ್ಮೀ ಬದುವಿನ ಮೇಲೆ ಕುಸಿದು, ಹೊಡೆದ ಕೈಯಿಂದಲೇ ಮಗಳನ್ನು ಎದೆಗೆ ಅವುಚಿಕೊಂಡು ಬಾಯಿಬಿಟ್ಟು ಅತ್ತಳು. ಮಣ್ಣಿನ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಮೇಘಾಳೂ ಅತ್ತಳು, ಮೊದಲ ಸಲ. ಉಳಿದ ಮಕ್ಕಳು ಎಲ್ಲಿ ನೋಡಬೇಕೆಂದು ತಿಳಿಯದೆ ಶಾಲೆಯ ಕಡೆ ನೋಡುತ್ತ ನಿಂತವು.

ಬಹಳ ಹೊತ್ತಿನ ಮೇಲೆ ಲಕ್ಷ್ಮೀ ಮೂಗು ಒರೆಸಿಕೊಂಡು ಕೇಳಿದಳು. “ನಿನಗ ಗೊತ್ತಿತ್ತೇನು?”

“ಹೂಂ. ಭಾನುವಾರ ಹೇಳಿದ್ಲು.”

“ನನಗ ಯಾಕ ಹೇಳಲಿಲ್ಲ?”

“ಅಕಿ ಮಾತು ಅದು. ನಾ ಹೆಂಗ ಹೇಳಲಿ?”

ಲಕ್ಷ್ಮೀ ಮಗಳನ್ನು ಎತ್ತಿಕೊಂಡು ತಿರುಗಿ ಮನೆಗೆ ನಡೆದಳು. ಏಳು ವರ್ಷದ ಹುಡುಗಿಯನ್ನು ಟೊಂಕದ ಮೇಲೆ ಹೊತ್ತು, ಅಷ್ಟು ದೂರ, ಒಮ್ಮೆಯೂ ಇಳಿಸಲಿಲ್ಲ. ಮುಗಿಯಿತು ಎಂದುಕೊಂಡಳು ಶೋಭಾ. ಆ ಮಗು ಇನ್ನು ಹೊಸ್ತಿಲು ದಾಟುವುದಿಲ್ಲ.

ಸೋಮವಾರ ಒಂಬತ್ತಕ್ಕೆ ಅವಳು ಎಂದಿನಂತೆ ಮನೆ ಮನೆಗೆ ಕೂಗುತ್ತ ಬಂದಳು. ಲಕ್ಷ್ಮೀಯ ಮನೆಯ ಮುಂದೆ ಕೂಗದೆ ಹೆಜ್ಜೆ ನಿಧಾನಮಾಡಿದಳು. ದಾಟಿ ಹೋಗಬೇಕು ಅನ್ನುವಾಗ ಬಾಗಿಲು ತೆರೆಯಿತು. ಮೇಘಾ ನಿಂತಿದ್ದಳು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಹಣೆಗೆ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ. ಬೆನ್ನಿಗೆ ಹಾಕುವ ಚೀಲ ಬೇಡವೆಂದು ಲಕ್ಷ್ಮೀಯೇ ತನ್ನ ಹಳೆಯ ಸೀರೆಯಲ್ಲಿ ಹೊಲಿದಿದ್ದಳು. ಹಿಂದೆ ಲಕ್ಷ್ಮೀ ನಿಂತಿದ್ದಳು, ಕಣ್ಣು ಊದಿಕೊಂಡಿದ್ದವು.

“ಲಕ್ಷ್ಮೀ, ನಾ ಸಂಜಿಕ್ಕ ಕಟ್ಟಿ ಮ್ಯಾಲೆನ ಕೂಡತೇನಿ,” ಅಂದಳು ಶೋಭಾ. “ನಾ ಅಕೀನ್ನ—”

“ಅಕೀನ್ನ ನಿನಗ ಒಪ್ಪಸಾಕತ್ತಿಲ್ಲ ನಾನು,” ಲಕ್ಷ್ಮೀ ಮಾತು ಕಡಿದಳು. ಮಗಳ ಕೈ ಹಿಡಿದು ತಂದು ಶೋಭಾಳ ಕೈಯ ಮೇಲೆ ಇಟ್ಟಳು. “ನಿನ್ನನ್ನ ಅಕಿಗೆ ಒಪ್ಪಸಾಕತ್ತೇನಿ. ಅಕಿ ನಿಂದರು ಅಂದಲ್ಲೆ ನಿಂದರಬೇಕು, ಅಕಿ ಬ್ಯಾಡ ಅಂದಲ್ಲೆ ಹೆಜ್ಜಿ ಇಡಬಾರದು. ತಿಳೀತೇನು?”

“ಹೂಂ,” ಅಂದಳು ಶೋಭಾ, ಬೈಸಿಕೊಂಡ ಹುಡುಗಿಯ ದನಿಯಲ್ಲಿ.

ಮೇಘಾ ಅವಳ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಬದುವಿನ ಕಡೆ ಹೊರಟಳು.